ನಡುಗದ ಹಿಡಿಕೆ

ಮಾಡದ ಕೆಲಸಕ್ಕೆ ಹೆಸರು ಬಯಸದವರು; ಮಾಡಿದ ಕೆಲಸಕ್ಕೆ ಸಾಕ್ಷಿ ಹುಡುಕದವರು; ಬೆಳಗ್ಗೆ ಆರಕ್ಕೆ ಬರುತ್ತೇನೆಂದರೆ ಐದೂಮುಕ್ಕಾಲಿಗೇ ಬಾಗಿಲ ಮುಂದೆ ನಿಂತು, ಒಳಗಿನವರ ನಿದ್ದೆ ಕೆಡಬಾರದೆಂದು ಆರು ಹೊಡೆಯುವ ತನಕ ಕರೆಗಂಟೆ ಒತ್ತದವರು; ಇನ್ನೊಬ್ಬರ ತಪ್ಪನ್ನು ಅವರ ಕಿವಿಯಲ್ಲಿಯೂ ತಮ್ಮ ತಪ್ಪನ್ನು ನಾಲ್ವರ ಎದುರಿನಲ್ಲಿಯೂ ಹೇಳುವವರು; ಎಣ್ಣೆ ಹತ್ತಿದ ಕೈಯಿಂದ ಯಾರ ಗೋಡೆಯನ್ನೂ ಮುಟ್ಟದವರು; ಕೆಲಸಕ್ಕೆ ಹತ್ತುವ ಮುನ್ನ ಒಂದು ಗಳಿಗೆ ಕಣ್ಣು ಮುಚ್ಚಿ ಭಗವಂತನನ್ನು ನೆನೆದು, ಇಳಿದ ಮೇಲೆ ಮತ್ತೊಮ್ಮೆ ನೆನೆಯಲು ಮರೆಯದವರು; ಇಪ್ಪತ್ತೆಂಟು ವರ್ಷಗಳಲ್ಲಿ ತಾವು ಸಹಿ ಮಾಡಿದ ಒಂದು ಲಿಫ್ಟಿನಿಂದಲೂ ಒಂದು ಜೀವಕ್ಕೂ ತರಚುಗಾಯವಾಗದಂತೆ ಬಾಳಿದವರು. ಇಂಥವರೊಬ್ಬರನ್ನು ಅವರೊಡನೆ ದುಡಿಯುವವರು ಅಂಗೈ ಮೇಷ್ಟ್ರು ಎಂದು ಕರೆಯುತ್ತಿದ್ದರು. ಈ ಸಾಲಿಗೆ ಸೇರಬೇಕಾದ ಇನ್ನೊಂದು ಗುಣವೂ ಅವರಲ್ಲಿತ್ತು. ಅದು ಗುಣವೋ ಗರ್ವವೋ ಎಂಬುದು ಆ ಒಂದು ಮಧ್ಯಾಹ್ನದ ತನಕ ಯಾರಿಗೂ ತಿಳಿದಿರಲಿಲ್ಲ.

ಅವರ ಉದ್ಯೋಗ ಲಿಫ್ಟುಗಳ ತಪಾಸಣೆ. ಎತ್ತರದ ಕಟ್ಟಡಗಳ ನೆತ್ತಿಯ ಮೇಲೆ, ಪಾರಿವಾಳಗಳಿಗೂ ಲಿಫ್ಟಿನವರಿಗೂ ಬಿಟ್ಟರೆ ಮತ್ತಾರಿಗೂ ದಾರಿ ತಿಳಿಯದ ಮಷೀನ್ ರೂಮುಗಳಲ್ಲಿ ಅವರ ಆಯುಷ್ಯ ಸವೆದಿತ್ತು. ಲಿಫ್ಟಿನ ಪೆಟ್ಟಿಗೆಯನ್ನು ಹೊತ್ತಿರುವುದು ಬೆರಳ ಗಾತ್ರದ ನಾಲ್ಕು ಉಕ್ಕಿನ ಹಗ್ಗಗಳು. ಒಂದೊಂದು ಹಗ್ಗವೂ ನೂರಾರು ಸಣ್ಣ ತಂತಿಗಳನ್ನು ಹೊಸೆದು ಮಾಡಿದ್ದು. ಒಂದು ತಂತಿ ಮುರಿದರೆ ಅದರ ಭಾರ ಪಕ್ಕದ್ದಕ್ಕೆ, ಪಕ್ಕದ್ದು ಮುರಿದರೆ ಅದರಾಚೆಯದಕ್ಕೆ. ಸದ್ದಿಲ್ಲದೆ ನಡೆಯುವ ಕೇಡು ಅದು. ಅದನ್ನು ಹಿಡಿಯಲು ನಿಯಮವೊಂದಿದೆ: ಹಗ್ಗವನ್ನು ಮೆಲ್ಲನೆ ಓಡಿಸುತ್ತ, ಹತ್ತಿಬಟ್ಟೆಯನ್ನು ಅದರ ಸುತ್ತ ಸಡಿಲವಾಗಿ ಹಿಡಿಯಬೇಕು, ಮುರಿದ ತಂತಿಯಿದ್ದರೆ ಅದರ ಮೊನೆ ಬಟ್ಟೆಯ ನೂಲನ್ನು ಕಚ್ಚುತ್ತದೆ. ಉಳಿದವರೆಲ್ಲ ಬಟ್ಟೆ ಹಿಡಿಯುತ್ತಿದ್ದರು. ಮೇಷ್ಟ್ರು ಮಾತ್ರ ಬರಿಯ ಅಂಗೈ ಹಿಡಿಯುತ್ತಿದ್ದರು. ಅದೂ ಎಡ ಅಂಗೈ. ಏಕೆಂದರೆ ಬಲಗೈ ಸದಾ ನಿಲುಗಡೆಯ ಗುಂಡಿಯ ಮೇಲಿರಬೇಕು. “ಬಟ್ಟೆಗೆ ಕಚ್ಚಿದ್ದು ಮಾತ್ರ ಗೊತ್ತಾಗ್ತದೆ, ನನ್ನ ಕೈಗೆ ಕಚ್ಚಬೇಕು ಅಂತ ಅಂದ್ಕೊಂಡಿದ್ದೂ ಗೊತ್ತಾಗ್ತದೆ” ಎಂದು ನಗುತ್ತಿದ್ದರು. ಕೈಯಿಟ್ಟು “ನುಣುಪಾಗಿದೆ” ಎಂದರೆ ಮುಗಿಯಿತು. ಆ ಮಾತಿನ ಮೇಲೆ ಇನ್ನೊಬ್ಬರು ಮಾತಾಡುತ್ತಿರಲಿಲ್ಲ.

ಆ ವರ್ಷ ಅವರ ಮನೆಯಾಕೆಗೆ ಸೊಂಟದ ಕೀಲಿನ ಶಸ್ತ್ರಚಿಕಿತ್ಸೆಯಾಯಿತು. ಊರುಗೋಲು ಬಂತು. ವಾರಕ್ಕೆ ಮೂರು ದಿನ, ಮಧ್ಯಾಹ್ನ ಮೂರರಿಂದ ನಾಲ್ಕೂವರೆಯವರೆಗೆ, ಐದನೆಯ ಮಹಡಿಯ ಚಿಕಿತ್ಸಾಲಯವೊಂದರಲ್ಲಿ ಕಾಲಿಗೆ ವ್ಯಾಯಾಮ ಮಾಡಿಸುತ್ತಿದ್ದರು. ಹೋಗುವಾಗ ಮಗಳು ತನ್ನ ಕೆಲಸದ ದಾರಿಯಲ್ಲಿ ಬಿಟ್ಟು ಹೋಗುತ್ತಿದ್ದಳು. ಬರುವಾಗ ಮೇಷ್ಟ್ರು ಕರೆತರಬೇಕು. ಅವರ ಹತ್ತೊಂಬತ್ತು ವರ್ಷದ ಹಳೆಯ ಬೈಕಿನ ಸೀಟೋ ಎತ್ತರ. ಅದನ್ನು ಏರಲು ಆಕೆ ಪಾದಚಾರಿ ಕಟ್ಟೆಯ ಮೇಲೆ ನಿಂತು, ಒಂದು ಕೈ ಗಂಡನ ಹೆಗಲಿಗೂ ಇನ್ನೊಂದು ಕೈ ಯಾವುದಾದರೂ ಕಂಬಕ್ಕೂ ಕೊಟ್ಟು, ತುಟಿ ಕಚ್ಚಿಕೊಂಡು ಹತ್ತುತ್ತಿದ್ದರು.

“ರೀ, ಈ ಗಾಡಿ ಹತ್ತೋದಕ್ಕೇ ಇನ್ನೊಂದು ಲಿಫ್ಟು ಬೇಕು. ನೀವೇ ಒಂದು ಹಾಕಿಸಿಕೊಡಿ” ಎಂದು ಆಕೆ ನಗುತ್ತ ಹೇಳಿದ ದಿನ ಮೇಷ್ಟ್ರಿಗೆ ನಗು ಬರಲಿಲ್ಲ. ಆಕೆಯ ಕೆಳತುಟಿಯ ಮೇಲೆ ಹಲ್ಲಿನ ಗುರುತು ಕಂಡಿತ್ತು.

ಸೀಟು ತಗ್ಗಾಗಿ, ಬೆನ್ನಿಗೆ ಆನಿಕೆಯಿದ್ದು, ಕಾಲು ಮುಂದಕ್ಕೆ ಚಾಚಿ ಆರಾಮವಾಗಿ ಕೂರುವಂಥ ಸಣ್ಣ ಇಂಜಿನ್ನಿನ ಕ್ರೂಸರ್ ಬೈಕೊಂದನ್ನು ಕೊಳ್ಳುವುದೆಂದು ಹೀಗೆ ನಿಶ್ಚಯವಾಯಿತು. ಹಳೆಯದನ್ನು ಬದಲಿಗೆ ಕೊಟ್ಟು ಹೊಸದನ್ನು ತರುವುದು. ಆದರೆ ಓಡಿಸಿ ನೋಡದೆ ಮೇಷ್ಟ್ರು ಒಂದು ತಿರುಪನ್ನೂ ಕೊಂಡವರಲ್ಲ.

ಇದರ ನಡುವೆ ನಡೆದ ಒಂದು ಸಣ್ಣ ಮಾತನ್ನು ಇಲ್ಲಿಯೇ ಹೇಳಿಬಿಡಬೇಕು. ಗಾಡಿ ಓಡಿಸಿ ನೋಡಲು ಹೋದ ದಿನಕ್ಕೆ ಹನ್ನೆರಡು ದಿನಗಳ ಹಿಂದೆ, ಸಂಜೆ ಕೈ ತೊಳೆದು ಬಂದ ಗಂಡನ ಎಡ ಅಂಗೈಯನ್ನು ಮನೆಯಾಕೆ ಬೆಳಕಿಗೆ ಹಿಡಿದು ನೋಡಿದ್ದರು. ಅಂಗೈಯ ಉದ್ದಕ್ಕೂ ಕೂದಲೆಳೆಯಷ್ಟು ಸಣ್ಣ ಗೀರುಗಳು. ಒಣಗಿದ ರಕ್ತ.

“ಇದೇನ್ರೀ ಇದು? ಬೆಕ್ಕು ಪರಚಿದ ಹಾಗಿದೆ.”

“ಎಲ್ಲೋ ತಗಲಿರಬೇಕು.”

“ಎಲ್ಲೋ ಅಂದರೆ? ಉರಿಯಲಿಲ್ವಾ?”

“ಗೊತ್ತೇ ಆಗಲಿಲ್ಲ ನೋಡು” ಎಂದರು ಮೇಷ್ಟ್ರು, ಹೊಗಳಿಸಿಕೊಂಡವರ ಹಾಗೆ. “ಇಪ್ಪತ್ತೆಂಟು ವರ್ಷದ ಕೈ. ದಪ್ಪ ಆಗಿದೆ ಚರ್ಮ.”

ಆಕೆ ಅರಿಶಿನ ಹಚ್ಚಿದರು. ಅದು ಉರಿದದ್ದೂ ಅವರಿಗೆ ಗೊತ್ತಾಗಲಿಲ್ಲ. ಇಬ್ಬರೂ ಅಲ್ಲಿಗೇ ಆ ಮಾತನ್ನು ಮರೆತರು.

ಶೋರೂಮಿನ ಮಾರಾಟಗಾರನು ಅಗಲ ಮೈಯ, ಅಷ್ಟೇ ಅಗಲ ನಗೆಯ ಮನುಷ್ಯ. ಬ್ರೇಕಿನ ವಿಷಯ ಕೇಳಿದರೂ ಬಣ್ಣದ ವಿಷಯ ಕೇಳಿದರೂ ಉತ್ತರವನ್ನು ಮೈಲೇಜಿಗೆ ತಂದು ನಿಲ್ಲಿಸುತ್ತಿದ್ದುದರಿಂದ ಅವನಿಗೆ ಮೈಲೇಜ್ ಮಾಮ ಎಂಬ ಹೆಸರಾಗಿತ್ತು. ಆ ಮಧ್ಯಾಹ್ನ ಮೂರೂಮುಕ್ಕಾಲಿಗೆ ಅವನು ಕಪ್ಪು ಬಣ್ಣದ ಕ್ರೂಸರನ್ನು ಹೊರಗೆ ತಂದು, ಶೋರೂಮಿನ ನಿಯಮದಂತೆ ತಾನೂ ಹಿಂದೆ ಕುಳಿತ.

“ಎರಡು ಕಿಲೋಮೀಟರು ಅಣ್ಣ. ಮುಂದಿನ ವೃತ್ತ ಸುತ್ತಿಕೊಂಡು ವಾಪಸ್ಸು. ಇದರ ಮೈಲೇಜು...”

“ಮೈಲೇಜು ಆಮೇಲೆ. ನನ್ನ ಹೆಂಡತಿ ಕೂರೋ ಜಾಗದಲ್ಲಿ ಕೂತಿದ್ದೀರಿ. ಬೆನ್ನಿಗೆ ಹೇಗಿದೆ ಅದನ್ನು ಹೇಳಿ.”

“ಅಯ್ಯೋ, ಸೋಫಾ ಅಣ್ಣ, ಸೋಫಾ! ಅತ್ತಿಗೆ ನಿದ್ದೆ ಮಾಡಿಬಿಡ್ತಾರೆ.”

ಹೊರಟ ಕೂಡಲೇ ಇಂಜಿನ್ ನಿಂತಿತು. ಮೇಷ್ಟ್ರು ನಾಚಿದರು. ಎರಡನೆಯ ಸಲವೂ ಗಾಡಿ ಮುಗ್ಗರಿಸಿ ನಿಂತಿತು. ಹತ್ತೊಂಬತ್ತು ವರ್ಷ ಬೈಕು ಓಡಿಸಿದವರು ಕ್ಲಚ್ಚನ್ನು ಹೊಸಬನಂತೆ ಥಟ್ಟನೆ ಬಿಡುತ್ತಿದ್ದರು.

“ಮೆಲ್ಲಗೆ ಅಣ್ಣ. ಹೊಸ ಗಾಡಿ, ಕ್ಲಚ್ಚು ಹೂವಿನ ಹಾಗಿದೆ. ನಿಮ್ಮ ಹಳೇದರ ಹಾಗೆ ಕುಸ್ತಿ ಮಾಡೋದು ಬೇಡ.”

ಇರಬಹುದು ಎಂದುಕೊಂಡರು ಮೇಷ್ಟ್ರು. ಮೂರನೆಯ ಸಲ ಕ್ಲಚ್ಚಿನ ಹಿಡಿಯನ್ನು ಕಣ್ಣಿನಿಂದ ನೋಡುತ್ತ ಬಿಟ್ಟರು. ಆಗ ಗಾಡಿ ಸರಾಗವಾಗಿ ಹೊರಟಿತು. ಕಣ್ಣಿನಿಂದ ನೋಡಬೇಕಾಯಿತು ಎಂಬುದನ್ನು ಮನಸ್ಸಿನ ಯಾವುದೋ ಮೂಲೆ ಬರೆದಿಟ್ಟುಕೊಂಡಿತು.

ಗಾಡಿ ಚೆನ್ನಾಗಿತ್ತು. ಹಿಡಿಕೆ ಅಗಲ, ಸೀಟು ತಗ್ಗು, ಎರಡು ಪಾದಗಳೂ ನೆಲಕ್ಕೆ ಪೂರ್ತಿ ಊರುತ್ತಿದ್ದವು. ಮಂದವಾದ ಗುಡುಗು ಹೊಟ್ಟೆಯೊಳಗೆ ಇಳಿಯುವಂಥ ಸದ್ದು. ಬಟ್ಟೆ ಅಂಗಡಿ, ಔಷಧದ ಅಂಗಡಿ, ಶಾಲೆಯ ಗೋಡೆ ಹಿಂದೆ ಸರಿದವು. ಮೋಡ ಮುಚ್ಚಿದ ಬೆಳಕಿನಲ್ಲಿ ಬೀದಿಗೆಲ್ಲ ಬೂದಿ ಬಳಿದಂತಿತ್ತು. ವೃತ್ತದ ಕೆಂಪು ದೀಪದಲ್ಲಿ ನಿಂತಾಗ ಮೇಷ್ಟ್ರು ಎರಡೂ ಹಿಡಿಕೆಗಳ ಮೇಲೆ ಕೈಯಿಟ್ಟು, ಅಭ್ಯಾಸಬಲದಿಂದ, ಯಂತ್ರದ ನಾಡಿ ನೋಡಿದರು.

“ಒಂದು ಮಾತು ಕೇಳ್ತೀನಿ. ಬಲಗಡೆ ಹಿಡಿಕೆ ಸಣ್ಣಗೆ ನಡುಗ್ತದೆ. ಎಡಗಡೆ ಸ್ವಲ್ಪವೂ ಇಲ್ಲ. ಎಡಗಡೆ ಮಾತ್ರ ರಬ್ಬರು ಹಾಕಿದ್ದಾರಾ?”

“ಎರಡಕ್ಕೂ ಒಂದೇ ಕಂಬಿ ಅಣ್ಣ. ನಡುಗಿದರೆ ಎರಡೂ ನಡುಗಬೇಕು.” ಮೈಲೇಜ್ ಮಾಮ ಹಿಂದಿನಿಂದಲೇ ಕೈ ಚಾಚಿ ಎಡಗಡೆಯ ಹಿಡಿಕೆಯ ತುದಿಯನ್ನು ಮುಟ್ಟಿದ. “ನಡುಗ್ತಾ ಇದೆಯಲ್ಲ! ಬಲಗಡೆಗಿಂತ ಒಂದು ಕೈ ಜಾಸ್ತಿನೇ ಇದೆ.”

ಹಸಿರು ದೀಪ ಬಂದಾಗ ಮೇಷ್ಟ್ರು ಗಾಡಿಯನ್ನು ರಸ್ತೆಯ ಬದಿಗೆ ತಂದು, ಗೇರು ತೆಗೆದು, ಇಂಜಿನ್ ಆರಿಸದೆ ನಿಂತರು. ದೋಷ ಎಲ್ಲಿದೆ ಎಂದು ತಿಳಿಯದಾಗ ಎರಡು ಬಿಡಿಭಾಗಗಳನ್ನು ಅದಲುಬದಲು ಮಾಡಿ ನೋಡುವುದು ಅವರ ವೃತ್ತಿಯ ಮೊದಲ ಪಾಠ. ಬದಲಿಸಿದ ಮೇಲೆ ದೋಷ ಇದ್ದಲ್ಲಿಯೇ ಇದ್ದರೆ ಅದು ಜಾಗದ್ದು; ಬಿಡಿಭಾಗದ ಬೆನ್ನು ಹತ್ತಿ ಹೋದರೆ ಅದು ಬಿಡಿಭಾಗದ್ದು. ಅವರು ತೋಳುಗಳನ್ನು ಅಡ್ಡ ಹಾಕಿ, ಬಲಗೈಯನ್ನು ಎಡ ಹಿಡಿಕೆಯ ಮೇಲೂ ಎಡಗೈಯನ್ನು ಬಲ ಹಿಡಿಕೆಯ ಮೇಲೂ ಇಟ್ಟರು.

ಎಡ ಹಿಡಿಕೆ ನಡುಗಿತು. ಬಲ ಹಿಡಿಕೆ ಸತ್ತಂತೆ ಸುಮ್ಮನಾಯಿತು.

ದೋಷವು ಕೈಯ ಬೆನ್ನು ಹತ್ತಿ ಬಂದಿತ್ತು.

“ಏನಣ್ಣ ಇದು, ಸರ್ಕಸ್ಸಾ?” ಎಂದ ಮಾಮ. ಮೇಷ್ಟ್ರು ಎಡ ಅಂಗೈಯನ್ನು ಮಗುಚಿ ನೋಡಿದರು. ಬೆರಳುಗಳು ಮಡಚುತ್ತಿದ್ದವು, ಹಿಡಿಯುತ್ತಿದ್ದವು. ಶಕ್ತಿ ಹೋಗಿರಲಿಲ್ಲ, ಹೋಗಿದ್ದುದು ಸ್ಪರ್ಶ. ಹಳೆಯ ಬೈಕು ಹೆಗಲಿನವರೆಗೆ ಮೈಯೆಲ್ಲ ಅಲುಗಾಡಿಸುತ್ತಿದ್ದ ಕಾರಣ ಅಂಗೈಯೊಂದು ಮೌನವಾದದ್ದು ಆ ಗದ್ದಲದಲ್ಲಿ ಕೇಳಿಸಿರಲಿಲ್ಲ. ಈ ನಯವಾದ ಹೊಸ ಯಂತ್ರ ಅದನ್ನು ಎತ್ತಿ ತೋರಿಸಿತ್ತು. ಬೆಕ್ಕು ಪರಚಿದ ಹಾಗೆ ಕಂಡ ಗೀರುಗಳ ಗುರುತುಗಳು ಇನ್ನೂ ಅಲ್ಲಿದ್ದವು, ಮಾಸಿ, ಸಾಲಾಗಿ, ಒಂದೇ ದಿಕ್ಕಿಗೆ ಎಳೆದಂತೆ.

ಹನ್ನೆರಡು ದಿನ. ಹನ್ನೆರಡು ದಿನದ ಹಿಂದೆ ತಾವು ಯಾವ ಲಿಫ್ಟಿನ ಹಗ್ಗವನ್ನು ಹಿಡಿದು “ನುಣುಪಾಗಿದೆ” ಎಂದಿದ್ದರು?

ನೆನಪಾದಾಗ ಮೇಷ್ಟ್ರಿಗೆ ಕಾಲಡಿಯ ರಸ್ತೆ ಒಂದು ಗೇಣು ಕುಸಿದಂತಾಯಿತು. ಆ ಐದು ಮಹಡಿಯ ಚಿಕಿತ್ಸಾಲಯದ ಲಿಫ್ಟು. ಮನೆಯಾಕೆ ಈ ಹನ್ನೆರಡು ದಿನಗಳಲ್ಲಿ ಐದು ಸಲ ಅದರಲ್ಲಿ ಹತ್ತಿ ಇಳಿದಿದ್ದರು. ಇಂದು ಮೂರು ಗಂಟೆಗೆ ಆರನೆಯ ಸಲ ಹತ್ತಿದ್ದರು. ನಾಲ್ಕೂವರೆಗೆ ಇಳಿಯುವರು.

ಗಡಿಯಾರ ನಾಲ್ಕು ಹತ್ತು ತೋರಿಸುತ್ತಿತ್ತು. ಮೇಷ್ಟ್ರು ಬಲಗೈಯಿಂದ ಫೋನು ತೆಗೆದು ಮಡದಿಗೆ ಕರೆ ಮಾಡಿದರು. ಅದು ರಿಂಗಾಗಿ ರಿಂಗಾಗಿ ನಿಂತಿತು. ವ್ಯಾಯಾಮದ ಹೊತ್ತಿನಲ್ಲಿ ಆಕೆಯ ಚೀಲ ಕಪಾಟಿನೊಳಗೆ ಇರುತ್ತಿತ್ತು. ಚಿಕಿತ್ಸಾಲಯದ ಸಂಖ್ಯೆಯಿದ್ದ ಚೀಟಿಯೂ ಅದರಲ್ಲೇ. ತಮ್ಮ ಕಚೇರಿಗೆ ಮಾಡಿದರು. ಉಸ್ತುವಾರಿಯವನು ಎತ್ತಿದ.

“ಐದು ಮಹಡಿ ಕ್ಲಿನಿಕ್ಕಿನ ಲಿಫ್ಟು ನಿಲ್ಲಿಸಬೇಕು. ಈಗಲೇ. ಅಲ್ಲಿನವರ ನಂಬರು ಯಾರ ಹತ್ತಿರ ಇದೆ?”

“ಯಾಕೆ ಮೇಷ್ಟ್ರೇ? ಅದು ಹನ್ನೆರಡು ದಿನದ ಹಿಂದೆ ನೋಡಿದ್ದಲ್ವಾ? ನೀವೇ ಸಹಿ ಹಾಕಿದ್ದೀರಿ.”

“ಅದಕ್ಕೇ ಹೇಳ್ತಿರೋದು.”

“ತಮಾಷೆ ಮಾಡಬೇಡಿ. ನೀವು ಕೈಯಿಟ್ಟ ಲಿಫ್ಟನ್ನು ನಾನು ನಿಲ್ಲಿಸಿದರೆ ನಾಳೆ ನೀವೇ ನನ್ನನ್ನು ಬೈತೀರಿ. ನಂಬರು ಒಳಗೆ ಬೋರ್ಡಿನ ಮೇಲೆ ಹಾಕಿದ್ದೀವಲ್ಲ, ತುರ್ತು ಕರೆಗೆ. ಅದೂ ನಿಮ್ಮದೇ!”

ನಿಜ. ಆ ಲಿಫ್ಟಿನ ಒಳಗೋಡೆಯ ಮೇಲೆ, ಅಪಾಯವಾದರೆ ಕರೆ ಮಾಡಿ ಎಂಬ ಕೆಂಪು ಅಕ್ಷರಗಳ ಕೆಳಗೆ ಇದ್ದುದು ಅವರದೇ ಸಂಖ್ಯೆ. ಇಷ್ಟು ವರ್ಷ ಜನರ ನಂಬಿಕೆಯನ್ನು ಅವರು ಒಂದೊಂದೇ ಕಲ್ಲಿನಂತೆ ಪೇರಿಸಿದ್ದರು. ಈಗ ಅದೇ ಗೋಡೆಯಾಗಿ ಎದುರಿಗೆ ನಿಂತಿತ್ತು.

ಅವರು ಗಾಡಿಯಿಂದ ಇಳಿದರು.

“ನೀವು ಓಡಿಸಿ. ನಾನು ಹಿಂದೆ ಕೂರ್ತೀನಿ.”

“ಟೆಸ್ಟ್ ರೈಡು ನಿಮ್ಮದು ಅಣ್ಣ, ನಂದಲ್ಲ.”

“ಈ ಕೈ ನಂಬಿ ಇನ್ನು ನಾನು ಏನನ್ನೂ ಓಡಿಸೋದಿಲ್ಲ. ಐದು ಕಿಲೋಮೀಟರು ಹೋಗಬೇಕು.”

“ಐದಾ? ಎರಡರ ಮೇಲೆ ಹೋದರೆ ಮ್ಯಾನೇಜರು ನನ್ನ ಚರ್ಮ ಸುಲೀತಾನೆ. ಇದು ಟೆಸ್ಟ್ ರೈಡು, ಊರು ಸುತ್ತೋ ಪ್ರವಾಸ ಅಲ್ಲ!”

“ಅಲ್ಲಿ ನನ್ನ ಹೆಂಡತಿ ಇದ್ದಾಳೆ. ನಾನು ಸರಿ ಇದೆ ಅಂತ ಹೇಳಿದ ಲಿಫ್ಟು ಸರಿ ಇಲ್ಲದೆ ಇರಬಹುದು. ಆ ಲಿಫ್ಟಲ್ಲೇ ಅವಳು ಇಳೀತಾಳೆ.”

ಮಾಮನ ಅಗಲ ನಗೆ ಅಳಿಸಿಹೋಯಿತು. ಅವನು ಮುಂದಕ್ಕೆ ಸರಿದು ಹಿಡಿಕೆ ಹಿಡಿದ. “ಕೂತ್ಕೊಳ್ಳಿ. ಗಟ್ಟಿಯಾಗಿ ಹಿಡ್ಕೊಳ್ಳಿ. ಬಲಗೈಯಲ್ಲಿ.”

ದಾರಿಯುದ್ದಕ್ಕೂ ಮೇಷ್ಟ್ರು ತಾವು ಮಡದಿಗಾಗಿ ಆರಿಸಿದ ಆ ಮೆತ್ತನೆಯ ಸೀಟಿನಲ್ಲಿ ಮುಳ್ಳಿನ ಮೇಲೆ ಕುಳಿತಂತೆ ಕುಳಿತಿದ್ದರು. ಕಾಲು ಚಾಚಲು ಹೇಳಿ ಮಾಡಿಸಿದ ಗಾಡಿ ಅದು, ಓಡಲು ಅಲ್ಲ. ಲಾರಿಗಳ ನಡುವೆ ಅಗಲ ಹಿಡಿಕೆ ನುಸುಳದೆ ಎರಡು ಕಡೆ ತಡೆದು ನಿಲ್ಲಬೇಕಾಯಿತು. ಒಂದು ಹಗ್ಗ ಹರಿದರೆ ಪೆಟ್ಟಿಗೆ ಬೀಳುವುದಿಲ್ಲ ಎಂದು ಅವರ ವಿದ್ಯೆ ಹೇಳಿತು. ಉಳಿದ ಮೂರು ಹಿಡಿಯುತ್ತವೆ, ಕೆಳಗೆ ತಡೆಯಿದೆ. ಉಳಿದ ಮೂರನ್ನೂ ಅದೇ ಕೈಯಲ್ಲಿ ನೋಡಿದ್ದೀಯಲ್ಲ ಎಂದು ಇನ್ನೊಂದು ದನಿ ಕೇಳಿತು. ಅಷ್ಟರಲ್ಲಿ ತೊಡೆಯ ಬಳಿ ಫೋನು ಗುಂಯ್‌ಗುಟ್ಟಿತು. ತುರ್ತು ಕರೆ ಬರುವುದು ಅದೇ ಫೋನಿಗೆ. ತೆಗೆದು ನೋಡಲು ಅವರಿಗೆ ಧೈರ್ಯ ಸಾಲಲಿಲ್ಲ. ಅದು ನಿಂತಿತು. ಮತ್ತೆ ಗುಂಯ್‌ಗುಟ್ಟಿತು. ಭಗವಂತಾ ಎಂದು ಕಣ್ಣು ಮುಚ್ಚಿ ಎತ್ತಿದರು.

“ಸರ್, ನಿಮ್ಮ ಟೆಸ್ಟ್ ರೈಡ್ ಹೇಗಿತ್ತು? ಐದರಲ್ಲಿ ಎಷ್ಟು ಅಂಕ ಕೊಡ್ತೀರಿ?” ಎಂದು ಶೋರೂಮಿನ ಹೆಣ್ಣುಮಗಳೊಬ್ಬಳ ಮಧುರ ದನಿ ಕೇಳಿಸಿತು.

ಅವರು ಚಿಕಿತ್ಸಾಲಯ ಮುಟ್ಟಿದಾಗ ನಾಲ್ಕು ಇಪ್ಪತ್ತೊಂಬತ್ತು. ಮೇಷ್ಟ್ರು ಒಳಗೆ ಓಡಿದರು. ಲಿಫ್ಟಿನ ಬಾಗಿಲ ಮೇಲೆ ಕೆಂಪು ಅಂಕೆ ಐದು ಇದ್ದದ್ದು ನಾಲ್ಕಾಯಿತು. ಕೆಳಮುಖದ ಬಾಣ ಮಿನುಗುತ್ತಿತ್ತು. ಪೆಟ್ಟಿಗೆ ಆಗಲೇ ಹೊರಟಿತ್ತು. ನಡುವೆ ನಿಲ್ಲಿಸಿದರೆ ಒಳಗಿರುವವರು ಆ ಹಗ್ಗಕ್ಕೇ ಜೋತು ಕೂರಬೇಕು. ಏನೂ ಮಾಡುವಂತಿರಲಿಲ್ಲ. ಮೂರು. ಬಾವಿಯಂಥ ಆ ಕಂಡಿಯ ಮೇಲ್ಭಾಗದಿಂದ ‘ಟಕ್’ ಎಂದು ಸಣ್ಣ ಸದ್ದು ಬಂತು, ಉಗುರು ಮುರಿದಂತೆ. ಇಂಥ ಸದ್ದಿಗೆ ಏನರ್ಥವೆಂದು ಆ ಪಡಸಾಲೆಯಲ್ಲಿದ್ದ ಜನರಲ್ಲಿ ಅವರೊಬ್ಬರಿಗೇ ಗೊತ್ತಿತ್ತು. ಎರಡು. ಅಂಕೆ ಬದಲಾಗಲು ಎಂದಿಗಿಂತ ಹೆಚ್ಚು ಹೊತ್ತು ಹಿಡಿಯಿತೆ? ಒಂದು. ಮತ್ತೊಮ್ಮೆ ಟಕ್. ಸೊನ್ನೆ.

ಬಾಗಿಲು ತೆರೆಯಿತು. ಕುತ್ತಿಗೆಗೆ ಪಟ್ಟಿ ಹಾಕಿದ ಮುದುಕರೊಬ್ಬರೂ ಅವರ ಸೊಸೆಯೂ ಮಾತಾಡಿಕೊಳ್ಳುತ್ತ ಹೊರಬಂದರು. ಮೇಷ್ಟ್ರು ಒಳಗೆ ಕೈ ಚಾಚಿ, ಸದಾ ಜೇಬಿನಲ್ಲಿರುವ ತಮ್ಮ ಕೀಲಿ ತಿರುಗಿಸಿ ಲಿಫ್ಟನ್ನು ನಿಲ್ಲಿಸಿ, ಬಾಗಿಲು ಮುಚ್ಚಿದರು. ಮಾಮನನ್ನು ಬಾಗಿಲಿಗೆ ಅಡ್ಡ ನಿಲ್ಲಿಸಿದರು. “ಯಾರು ಬಂದರೂ ಬಿಡಬೇಡಿ.”

“ನನ್ನನ್ನು ದಾಟಿ ಯಾರು ಹೋಗ್ತಾರೆ ಅಣ್ಣ” ಎಂದು ಮಾಮ ಬಾಗಿಲು ತುಂಬ ನಿಂತ.

ಮೆಟ್ಟಿಲು ಹತ್ತಿ ಐದನೆಯ ಮಹಡಿಗೆ ಬಂದಾಗ ಮೇಷ್ಟ್ರಿಗೆ ಏದುಸಿರು ಹತ್ತಿತ್ತು. ಲಿಫ್ಟಿನ ಬಾಗಿಲ ಮುಂದೆ ಊರುಗೋಲಿನ ಮೇಲೆ ಬಾಗಿ, ಮನೆಯಾಕೆ ಗುಂಡಿಯನ್ನು ಒತ್ತುತ್ತಿದ್ದರು.

“ಅಬ್ಬ, ಬಂದ್ರಾ! ಎಷ್ಟು ಹೊತ್ತು ಒತ್ತೋದು ರೀ ಇದನ್ನ? ಆ ಮುದುಕರು ಆತುರದಲ್ಲಿದ್ದಾರೆ, ಮೊದಲು ಹೋಗಲಿ ಅಂತ ಬಿಟ್ಟೆ. ಈಗ ನಿಮ್ಮ ಲಿಫ್ಟಿಗೆ ಜಂಭ ಬಂದಿದೆ.”

“ಒತ್ತಬೇಡ. ಕೈ ತೆಗಿ. ನಿನ್ನ ಚೀಲದಲ್ಲಿ ಟವೆಲ್ ಇದೆಯಾ?”

ಗಂಡನ ಮುಖ ನೋಡಿ ಆಕೆ ಮತ್ತೇನೂ ಕೇಳದೆ ಹತ್ತಿಯ ಟವೆಲನ್ನು ಕೊಟ್ಟರು.

ಮಷೀನ್ ರೂಮಿನಲ್ಲಿ ಗ್ರೀಸಿನ ವಾಸನೆ, ಮಸುಕು ಬೆಳಕು. ಖಾಲಿ ಪೆಟ್ಟಿಗೆಯನ್ನು ಮೆಲ್ಲನೆ ಓಡಿಸುತ್ತ, ಮೇಷ್ಟ್ರು ಇಪ್ಪತ್ತೆಂಟು ವರ್ಷಗಳಲ್ಲಿ ಮೊದಲ ಸಲ ಬಟ್ಟೆ ಹಿಡಿದರು, ಬಲಗೈಯಲ್ಲಿ. ಎಡಗೈ ನಿಲುಗಡೆಯ ಗುಂಡಿಯ ಮೇಲೆ. ಅದು ಅಲ್ಲಿದೆಯೇ ಎಂದು ಮತ್ತೆ ಮತ್ತೆ ಕಣ್ಣಿನಿಂದ ನೋಡಬೇಕಾಗಿತ್ತು. ಮೊದಲನೆಯ ಹಗ್ಗ ನುಣುಪು. ಎರಡನೆಯದೂ ನುಣುಪು. ಮೂರನೆಯದು ಹತ್ತು ಅಡಿ ಸರಿಯುವಷ್ಟರಲ್ಲಿ ಟವೆಲನ್ನು ಕಚ್ಚಿ, ಅವರ ಕೈಯಿಂದ ಕಿತ್ತುಕೊಂಡು, ಚಕ್ರದ ಕಡೆಗೆ ಎಳೆಯಿತು. ಗುಂಡಿ ಒತ್ತಿದರು. ದೀಪ ಹಿಡಿದು ನೋಡಿದಾಗ ಒಂದು ಗೇಣಿನುದ್ದಕ್ಕೆ ತಂತಿಗಳು ಕತ್ತರಿಸಿದ ಗಡ್ಡದಂತೆ ನಿಮಿರಿ ನಿಂತಿದ್ದವು. ಅಂಗೈಯನ್ನು ಅದರ ಪಕ್ಕಕ್ಕೆ ತಂದರು. ಗೀರುಗಳ ಸಾಲೂ ಮೊನೆಗಳ ಸಾಲೂ ಒಂದಕ್ಕೊಂದು ಹೊಂದಿಕೊಂಡವು. ಹಗ್ಗವು ಅಂದೇ ಸತ್ಯವನ್ನು ಹೇಳಿತ್ತು, ರಕ್ತ ಬರುವಷ್ಟು ಗಟ್ಟಿಯಾಗಿ ಹೇಳಿತ್ತು. ಕೇಳಬೇಕಾದ ಕೈ ಕಿವುಡಾಗಿತ್ತು.

ಈ ಕೈ ಎಂದಿನಿಂದ ಹೀಗೆ? ಅವರಿಗೆ ತಿಳಿಯದು. ಅಲ್ಲಿಯೇ ನೆಲದ ಮೇಲೆ ಕುಳಿತು ಕಚೇರಿಗೆ ಕರೆ ಮಾಡಿದರು.

“ಮೂರನೇ ಹಗ್ಗ ಹೋಗಿದೆ. ಎರಡು ತಿಂಗಳಲ್ಲಿ ನಾನು ಸಹಿ ಮಾಡಿದ್ದು ಎಷ್ಟಿದೆ ನೋಡಿ.”

“ಇದನ್ನು ಬಿಟ್ಟು ಹದಿನಾರು. ಯಾಕೆ?”

“ಎಲ್ಲಾ ನಿಲ್ಲಿಸಿ. ಬಟ್ಟೆ ಹಿಡಿದು ಬೇರೆಯವರು ನೋಡಲಿ. ನನ್ನ ಎಡಗೈಗೆ ಸ್ಪರ್ಶ ಇಲ್ಲ. ಎಲ್ಲರ ಎದುರಿಗೆ ಹೇಳಿ ಬೇಕಾದರೆ, ಮುಚ್ಚಿಡಬೇಡಿ.”

“ಮೇಷ್ಟ್ರೇ, ನಿಮ್ಮ ಹೊಟ್ಟೆ ಮೇಲೆ ನೀವೇ ಹೊಡ್ಕೋತಿದ್ದೀರಿ. ಇದು ಬರವಣಿಗೆಗೆ ಹೋದರೆ ನಿಮ್ಮನ್ನು ಮತ್ತೆ ಹಗ್ಗ ಮುಟ್ಟೋಕೆ ಬಿಡೋದಿಲ್ಲ.”

“ಬಿಡಬಾರದು” ಎಂದರು ಮೇಷ್ಟ್ರು.

ಐದು ಮಹಡಿಯನ್ನು ಮನೆಯಾಕೆ ಮೆಟ್ಟಿಲಿನಿಂದಲೇ ಇಳಿಯಬೇಕಾಯಿತು. ಒಂದೊಂದು ಮೆಟ್ಟಿಲಿಗೂ ನಿಂತು, ಒಂದೊಂದು ತಿರುವಿನಲ್ಲೂ ಕುಳಿತು. ನಾಲ್ಕನೆಯ ಮಹಡಿಯಲ್ಲಿ ಮೇಷ್ಟ್ರು ಎಲ್ಲವನ್ನೂ ಹೇಳಿದರು. ಮೂರನೆಯದರ ತನಕ ಆಕೆ ಮೆಟ್ಟಿಲನ್ನೇ ನೋಡುತ್ತ ಇಳಿದರು.

“ಬೆಕ್ಕು ಪರಚಿದೆ ಅಂದಾಗಲೇ ನಾನು ಬಿಡಬಾರದಿತ್ತು” ಎಂದರು ಆಮೇಲೆ. “ನಾಳೆ ಡಾಕ್ಟರ ಹತ್ತಿರ ಹೋಗೋಣ. ಇಷ್ಟು ದಿನ ನನ್ನ ಸೊಂಟ ಹಿಡ್ಕೊಂಡು ನೀವು ಓಡಾಡಿದ್ದು ಸಾಕು, ಇನ್ನು ನಿಮ್ಮ ಕೈ ಹಿಡ್ಕೊಂಡು ನಾನು ಓಡಾಡ್ತೀನಿ.”

ಫೋನಿಗೆ ಒಂದೊಂದಾಗಿ ಸಂದೇಶಗಳು ಬರುತ್ತಿದ್ದವು: ನಿಲ್ಲಿಸಿದೆ. ನಿಲ್ಲಿಸಿದೆ. ಎರಡನೆಯ ಮಹಡಿ ತಲುಪಿದಾಗ ಹನ್ನೊಂದು. ಮೊದಲನೆಯದರಲ್ಲಿ ಹದಿನೈದು. ಹದಿನಾರನೆಯದು ಬಾರದೆ ಇಬ್ಬರೂ ಕೊನೆಯ ತಿರುವಿನಲ್ಲಿ ಕುಳಿತೇ ಇದ್ದರು. ಕೆಳಗೆ ಮಾಮ ಯಾರಿಗೋ ಲಿಫ್ಟು ಯಾಕೆ ಇಲ್ಲವೆಂಬುದನ್ನು ವಿವರಿಸುತ್ತ ಹೇಗೋ ಮೈಲೇಜಿನ ತನಕ ತಲುಪಿದ್ದ. ಹೊರಗೆ ಕಪ್ಪು ಕ್ರೂಸರು ಮೋಡದ ಬೆಳಕಿನಲ್ಲಿ ಕಾಯುತ್ತಿತ್ತು. ಕಡೆಗೂ ಫೋನು ಒಮ್ಮೆ ಮಿನುಗಿತು. ನಿಲ್ಲಿಸಿದೆ.

ಮೇಷ್ಟ್ರು ಏಳಲು ಹೋಗಿ ಕೆಳಗೆ ನೋಡಿದರು. ತಮ್ಮ ಎಡಗೈಯನ್ನು ಮಡದಿ ತನ್ನ ಎರಡೂ ಕೈಗಳಲ್ಲಿ ಗಟ್ಟಿಯಾಗಿ ಹಿಡಿದಿದ್ದರು. ಬೆರಳುಗಳ ಗಿಣ್ಣು ಬೆಳ್ಳಗಾಗುವಷ್ಟು ಗಟ್ಟಿಯಾಗಿ. ಐದನೆಯ ಮಹಡಿಯಿಂದಲೂ ಹಾಗೆಯೇ ಹಿಡಿದಿದ್ದರೋ ಏನೋ. ನೋಡುವ ತನಕ ಅವರಿಗೆ ತಿಳಿದಿರಲಿಲ್ಲ.

ತನ್ನ ಕೈಯ ಸುಳ್ಳನ್ನು ತಾನೇ ಹಿಡಿದು ಕೊಟ್ಟ ಆ ಸತ್ಯವಂತನಿಗೆ ಭಗವಂತನು ಕಳೆದ ಸ್ಪರ್ಶವನ್ನು ಮರಳಿ ಕೊಡಲಿ. ಕೊಡದಿದ್ದರೆ ಅದಿಲ್ಲದೆ ಬಾಳುವ ಸ್ಥೈರ್ಯವನ್ನು ಕೊಡಲಿ. ಆ ಸಾಧ್ವಿಯ ನಡಿಗೆಯಿಂದ ನೋವು ತೊಲಗಲಿ. ಹೊತ್ತಿಗೆ ಹೊರಟು ಹೊತ್ತಿಗೆ ಮರಳುವ ಆ ಮಗಳ ದಾರಿ ಸುಗಮವಾಗಲಿ. ಆ ಮನೆಯ ಹೊಸ್ತಿಲನ್ನು ದಾಟುವವರೆಲ್ಲರೂ, ಹತ್ತಿದಲ್ಲಿಂದ ಕ್ಷೇಮವಾಗಿ ಇಳಿದು, ಮತ್ತೆ ಅದೇ ಹೊಸ್ತಿಲಿಗೆ ಬರುವಂತಾಗಲಿ.